‘ಪರವಾಗಿಲ್ಲ’ ಅನ್ನಬಾರದ ಕೋಣೆ

“ಊದ್ಬೇಡಿ!”

ಅವನಿಗೆ ಅವಳು ಆಡಿದ ಮೊದಲ ಮಾತೇ ಗದರಿಕೆ.

ಅವನ ಸೀಟಿ ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿ ಬಾಗಿಲಿನ ಹಿಡಿಕೆ ಇತ್ತು. ಒಳಗೆ ಬಂದವನ ಹಿಂದೆ ಮುಚ್ಚಿಕೊಂಡ ಬಾಗಿಲನ್ನು ಎಳೆದ ರಭಸಕ್ಕೆ ಬುಡಸಮೇತ ಕಿತ್ತು ಬಂದ ಹಿಡಿಕೆ!

“ಮೇಡಂ, ಇದು ಒಳಗಿಂದ ತೆಗೆಯೋಕೆ ಬರಲ್ಲ ಇನ್ನು. ಒಂದೇ ಒಂದು ಸಲ ಊದಿದ್ರೆ ಸಾಕು, ಗ್ರೌಂಡಲ್ಲಿರೋ ಮಕ್ಕಳೆಲ್ಲ ಓಡಿ ಬರ್ತಾರೆ.”

“ಅದಕ್ಕೇ ಬೇಡ ಅಂದಿದ್ದು,” ಅವಳು ದನಿ ತಗ್ಗಿಸಿ ಮೇಜಿನ ಕೆಳಗೆ ತೋರಿಸಿದಳು. “ಅವಳು ಇಲ್ಲಿಗೆ ಓಡಿ ಬಂದಿದ್ದೇ ಆ ಮಕ್ಕಳಿಂದ ತಪ್ಪಿಸ್ಕೊಳ್ಳೋಕೆ.”

ಅವನು ಬಗ್ಗಿ ನೋಡಿದ. ಮೇಜಿನ ಕೆಳಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೊಣಕಾಲಿನ ಮಧ್ಯೆ ಮುಖ ಹುದುಗಿಸಿ ಕೂತಿದ್ದಳು. ಅವಳ ಭುಜ ನಡುಗುತ್ತಿತ್ತು.

ಅವನು ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟ. ಹಿಡಿಕೆಯನ್ನು ಸದ್ದಾಗದಂತೆ ನೆಲದ ಮೇಲಿಟ್ಟ. ಆಮೇಲೆ ಆರಡಿಯ ಆಳು ಅಷ್ಟನ್ನೂ ಮಡಚಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟ.

ಅಬ್ಬಾ... ಹೇಳಿದ್ದನ್ನು ಕೇಳುವ ಗಂಡಸೂ ಇದ್ದಾನಾ ಈ ಶಾಲೆಯಲ್ಲಿ! ಅವಳಿಗೆ ಆಶ್ಚರ್ಯವಾಯಿತು.

ಅದು ಮೆಟ್ಟಿಲ ಕೆಳಗಿನ ಕೋಣೆ. ಮೊದಲು ಮುರಿದ ಬೆಂಚು, ಹರಿದ ನಕ್ಷೆ ತುಂಬಿದ್ದ ಉಗ್ರಾಣ. ಈಗ ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಎಂಬ ಬೋರ್ಡು ಬಂದಿತ್ತು, ಒಳಗೆ ಒಂದು ಮೇಜು, ಮೂರು ಕುರ್ಚಿ. ಇಳಿಜಾರು ಸೂರು, ಅಂಗೈಯಗಲದ ಒಂದು ಗವಾಕ್ಷಿ. ಅವಳ ಫೋನು ಬ್ಯಾಗಿನ ಜೊತೆ ಸ್ಟಾಫ್ ರೂಮಿನಲ್ಲಿತ್ತು. ಅವನಂತೂ ಗ್ರೌಂಡಿಗೆ ಫೋನು ತರುವವನೇ ಅಲ್ಲ.

“ನಾನು ಪಿ.ಟಿ. ಮೇಷ್ಟ್ರು, ಹೊಸಬ,” ಅವನು ಪಿಸುಗುಟ್ಟಿದ. “ಮಕ್ಕಳು ಪೀಪಿ ಸರ್ ಅಂತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ.”

“ನನ್ನನ್ನ ಫೈಲ್ ಮೇಡಂ ಅಂತಾರೆ. ಆರು ಸ್ಕೂಲಿಗೆ ಸಂಯೋಜಕಿ. ಇಲ್ಲಿಗೆ ಮಂಗಳವಾರ, ಶುಕ್ರವಾರ ಬರ್ತೀನಿ.”

“ಅಂದ್ರೆ ಮನಸ್ಸಿನ ಡಾಕ್ಟರಾ?”

“ಅಲ್ಲ. ಡಾಕ್ಟರು, ಕೌನ್ಸೆಲರ್, ಅಪ್ಪ ಅಮ್ಮ, ಮೇಷ್ಟ್ರು... ಇವರೆಲ್ಲ ಒಂದೇ ಮಗು ಬಗ್ಗೆ ಒಂದೇ ಸಲ ಯೋಚನೆ ಮಾಡೋ ಹಾಗೆ ಮಾಡೋದು ನನ್ನ ಕೆಲಸ.”

“ಆಗುತ್ತಾ ಅದು?”

“ಆಗಲ್ಲ. ಆದ್ರೂ ಮಾಡ್ತೀನಿ.”

ಅವನಿಗೆ ನಗು ಬಂತು. ನುಂಗಿಕೊಂಡ. ಮೇಜಿನ ಕಡೆ ತಿರುಗಿ ಮೆತ್ತಗೆ ಕೇಳಿದ, “ಏನಮ್ಮ ಪುಟ್ಟಿ, ತುಂಬಾ ನೋವಾಯ್ತಾ?”

ಬಹಳ ಹೊತ್ತಿನ ಮೇಲೆ ಮೇಜಿನ ಕೆಳಗಿಂದ ಉಸಿರಿನಷ್ಟು ಸಣ್ಣ ದನಿ ಬಂತು. “ಪರವಾಗಿಲ್ಲ...”

“ಸದ್ಯ!” ಅಂದ ಅವನು.

ಫೈಲ್ ಮೇಡಂ ತಲೆಯಾಡಿಸಿ ಗೋಡೆಯ ಕಡೆ ಬೆರಳು ತೋರಿಸಿದಳು. ಅಲ್ಲೊಂದು ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಈ ರೂಮಲ್ಲಿ ಪರವಾಗಿಲ್ಲ ಅನ್ನೋ ಮಾತಿಲ್ಲ.’ ಮೇಜಿನ ಮೇಲೆ ಎರಡು ರಟ್ಟಿನ ಕಾರ್ಡು. ಹಸಿರಿನ ಮೇಲೆ ‘ಬೇಕು’, ಕೆಂಪಿನ ಮೇಲೆ ‘ಬೇಡ’. ಮೂರನೆಯದಿಲ್ಲ.

“ಮಕ್ಕಳು ಪರವಾಗಿಲ್ಲ ಅಂದ್ರೆ, ಪರವಾ ಇದೆ ಅಂತ ಅರ್ಥ ಸರ್,” ಅವಳು ಪಿಸುಗುಟ್ಟಿದಳು. “ತುಂಬಾ ಇದೆ ಅಂತ.”

ನಲವತ್ತು ನಿಮಿಷದ ಮೇಲೆ ಆಯಾ ಕಸ ಗುಡಿಸಲು ಬಂದು ಹೊರಗಿನಿಂದ ಬಾಗಿಲು ತೆಗೆದಾಗ ಪುಟ್ಟಿ ಮೇಜಿನ ಹೊರಗೆ ಬಂದಿದ್ದಳು. ಪೀಪಿ ಸರ್ ಅವಳಿಗೆ ಶೂ ಲೇಸನ್ನು ಒಂದೇ ಕೈಯಲ್ಲಿ ಕಟ್ಟುವುದು ಹೇಗೆಂದು ತೋರಿಸುತ್ತಿದ್ದ. ಅವನಿಗೇ ಬರುತ್ತಿರಲಿಲ್ಲ, ಅದು ಬೇರೆ ಮಾತು.

*

ಪುಟ್ಟಿಯ ಕಥೆ ದೊಡ್ಡದೇನಲ್ಲ. ಪಾಠ ಜೋರಾಗಿ ಓದುವಾಗ ಒಂದು ಪದಕ್ಕೆ ತೊದಲಿದಳು, ಇಡೀ ಕ್ಲಾಸು ನಕ್ಕಿತು. ಅಂದಿನಿಂದ ನಾಲ್ಕು ತಿಂಗಳು ಕ್ಲಾಸಿನಲ್ಲಿ ಅವಳ ದನಿಯೇ ಇಲ್ಲ. ಟಿ.ವಿ. ರಿಮೋಟಿನಿಂದ ಎತ್ತಿದ ಹೆಸರು ಹಿಡಿದು ಮಕ್ಕಳು ಅವಳನ್ನು ‘ಮ್ಯೂಟ್’ ಎಂದು ಕರೆಯುತ್ತಿದ್ದರು. ದೊಡ್ಡವರಿಗೆ ಇದು ಸಣ್ಣ ವಿಷಯ. ಹನ್ನೆರಡು ವರ್ಷದವಳಿಗೆ ಮೇಜಿನ ಕೆಳಗೆ ಸೇರುವಷ್ಟು ದೊಡ್ಡದು.

ಆ ಶನಿವಾರ ಫೈಲ್ ಮೇಡಂ ಅದಕ್ಕೆಂದೇ ಬಂದು ಮೇಷ್ಟ್ರುಗಳನ್ನೆಲ್ಲ ಕೂರಿಸಿ ಪಾಠ ಮಾಡಿದಳು.

“ಮಗು ಪರವಾಗಿಲ್ಲ ಅಂದ್ರೆ ನಂಬಬೇಡಿ. ಚೀಟಿ ಬರೆದು ನನ್ನ ರೂಮಿನ ಡಬ್ಬಿಗೆ ಹಾಕಿ. ಆದ್ರೆ ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಒತ್ತಾಯ ಬೇಡ. ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ.”

ಗಣಿತದ ಮೇಷ್ಟ್ರು ಕೈ ಎತ್ತಿದರು. “ಮೇಡಂ, ನಮ್ಮನೆಯವಳು ಅಡುಗೆ ಹೇಗಿದೆ ಅಂದಾಗೆಲ್ಲ ನಾನು ಪರವಾಗಿಲ್ಲ ಅಂತೀನಿ. ನನ್ನ ಹೆಸರಲ್ಲೂ ಒಂದು ಚೀಟಿ ಬರೀರಿ!”

ಎಲ್ಲರೂ ನಕ್ಕರು. ಪೀಪಿ ಸರ್ ಒಬ್ಬ ನಗಲಿಲ್ಲ. ಹಾಜರಿ ಪುಸ್ತಕದ ಹಿಂದೆ ಎಲ್ಲವನ್ನೂ ಗುಂಡಗೆ ಬರೆದುಕೊಳ್ಳುತ್ತಿದ್ದ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ. ಪಾಪ, ಅದೇ ಗುಣ ಮುಂದೆ ಅವನಿಗೆ ಮುಳುವಾಯಿತು!

ಮಂಗಳವಾರ ಅವಳು ಬಂದಾಗ ಕೋಣೆಯ ಬಾಗಿಲಿಗೆ ಕಬ್ಬಿಣದ ಗುಂಡೊಂದು ಒತ್ತು ಕೊಟ್ಟು ಕೂತಿತ್ತು. ಮಕ್ಕಳು ಗುಂಡು ಎಸೆತಕ್ಕೆ ಬಳಸುವ ಗುಂಡು.

“ಹಿಡಿಕೆಗೆ ಆಫೀಸಿಗೆ ಅರ್ಜಿ ಕೊಟ್ಟಿದೀನಿ,” ಅವನು ಕಿವಿ ಕೆರೆದುಕೊಂಡ. “ಅದು ಬರೋವರೆಗೂ ಇದು ನಿಮ್ಮ ಕಾವಲು. ನಾಲ್ಕು ಕೆ.ಜಿ. ಇದೆ, ಎಲ್ಲೂ ಓಡಿ ಹೋಗಲ್ಲ.”

ಹಿಡಿಕೆ ಬರಲಿಲ್ಲ. ಅವನು ಮಾತ್ರ ಬಂದ, ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ. ಪುಟ್ಟಿಗೆ ಸ್ಟಾಪ್‌ವಾಚ್ ಕೊಟ್ಟು ಓಟಗಾರರ ಸಮಯ ಬರೆಯುವ ಕೆಲಸ ಹಚ್ಚಿದ, ಮಾತು ಬೇಡದ ಕೆಲಸ. ಫೈಲ್ ಮೇಡಂಗೆ ಒಂದು ಲೋಟ ಚಹಾ ತಂದಿಟ್ಟು ಏನೂ ಹೇಳದೆ ಹೋಗುತ್ತಿದ್ದ. ಅವಳು ಗುರುವಾರ ಬರುವ ಕೌನ್ಸೆಲರ್‌ಗೆ ಹೆಸರಿನ ಪಟ್ಟಿ ಮಾಡುತ್ತಾ, ಫೋನೆತ್ತದ ಅಪ್ಪಂದಿರಿಗೆ ಹತ್ತನೇ ಸಲ ಕರೆ ಮಾಡುತ್ತಾ, ಆ ಹೆಜ್ಜೆ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು.

‘ಇದೇನಾಗ್ತಿದೆ ನನಗೆ?’ ಅಂದುಕೊಂಡಳು ಒಂದು ದಿನ. ಗೊತ್ತಿತ್ತು, ಸುಮ್ಮನೆ ಕೇಳಿಕೊಂಡಳು ಅಷ್ಟೇ.

*

ಆದರೆ ಸಂಜೆ ಆಯಿತೆಂದರೆ ಮನೆ.

ಮನೆ ಕೆಟ್ಟದ್ದೇನಲ್ಲ. ಅಮ್ಮ, ಅಕ್ಕ, ಭಾವ, ಅಕ್ಕನ ಇಬ್ಬರು ಮಕ್ಕಳು. ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಾಗ ಮೂವತ್ತೆಂಟು ದಿನ ಮಂಚದ ಪಕ್ಕ ಕೂತವರು ಭಾವ. ಆಮೇಲೆ ಅಮ್ಮನನ್ನೂ ಅವಳನ್ನೂ ತಮ್ಮ ಮನೆಗೆ ಕರೆತಂದವರೂ ಅವರೇ. ಅಂಥವರಿಗೆ ಯಾವ ಬಾಯಲ್ಲಿ ‘ಇಲ್ಲ’ ಅನ್ನೋದು?

“ಮಕ್ಕಳಿಗೆ ಪರೀಕ್ಷೆ ಕಣೇ, ನಿನ್ನ ರೂಮು ಬಿಟ್ಟುಕೊಡ್ತೀಯಾ?”

“ಪರವಾಗಿಲ್ಲ ಅಕ್ಕ.”

“ನಿನ್ನ ಕಪಾಟು ಹಜಾರಕ್ಕೆ ಹಾಕಿದ್ವಿ, ಬೇಜಾರಾಯ್ತಾ?”

“ಪರವಾಗಿಲ್ಲಮ್ಮ.”

ರೂಮು ಹೋಯಿತು, ಕಪಾಟು ಹೋಯಿತು, ಕಿಟಕಿ ಪಕ್ಕದ ಕುರ್ಚಿಯೂ ಹೋಯಿತು. ಈಗ ಅವಳು ಹಜಾರದ ಮೂಲೆಯಲ್ಲಿ ಮಲಗುತ್ತಿದ್ದಳು, ಸುತ್ತ ಎಲ್ಲರೂ ಪ್ರೀತಿಯಿಂದಲೇ ಓಡಾಡುತ್ತಿದ್ದರು. ಜಗಳವಾಡಲು ಒಬ್ಬ ಕೆಟ್ಟವನೂ ಇಲ್ಲದ ಮನೆಯಲ್ಲಿ ಉಸಿರುಗಟ್ಟಿದರೆ ಯಾರಿಗೆ ಹೇಳುವುದು? ಊರಿನ ಮಕ್ಕಳಿಗೆಲ್ಲ ‘ಬೇಕು, ಬೇಡ’ ಕಲಿಸುವವಳು, ತನ್ನ ಮನೆಯ ಹೊಸಿಲು ದಾಟಿದ ಕೂಡಲೇ ಎರಡೂ ಕಾರ್ಡು ಕಳೆದುಕೊಳ್ಳುತ್ತಿದ್ದಳು.

*

ಒಂದು ಶುಕ್ರವಾರ ಗೇಟಿನ ಹತ್ತಿರ ಅವನು ನಿಂತಿದ್ದ. ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

“ಮೇಡಂ... ಭಾನುವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?”

“ಯಾಕೆ?” ಗೊತ್ತಿದ್ದೂ ಕೇಳಿದಳು.

“ಮಾತಾಡೋಕೆ. ನಮ್ಮಿಬ್ಬರ ವಿಷಯ.” ಅವನ ಕಿವಿ ಕೆಂಪಾಗಿತ್ತು. “ನನಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ನೀವಂದ್ರೆ ನನಗೆ ಇಷ್ಟ. ಬರ್ಲಾ?”

ಬನ್ನಿ, ಇವತ್ತೇ ಬನ್ನಿ, ಈಗಲೇ ಬನ್ನಿ... ಅವಳ ಮನಸ್ಸು ಕೂಗುತ್ತಿತ್ತು. ಬಾಯಿಗೆ ಮಾತ್ರ ವರ್ಷಗಳ ರೂಢಿ. ನೆಲ ನೋಡುತ್ತಾ, ನಾಚುತ್ತಾ, ಸಣ್ಣಗೆ ಅಂದಳು:

“ಪರವಾಗಿಲ್ಲ...”

ಅಯ್ಯೋ ಹುಡುಗಿ!

ಈ ಒಂದು ಮಾತಿಗೆ ನಮ್ಮಲ್ಲಿ ಎಷ್ಟು ಮುಖ ನೋಡಿ. ಕಾಲು ತುಳಿದವರಿಗೂ ಪರವಾಗಿಲ್ಲ, ಇನ್ನೊಂದು ಲೋಟ ಚಹಾ ಬೇಡ ಅನ್ನುವುದಕ್ಕೂ ಪರವಾಗಿಲ್ಲ, ಮದುವೆಗೆ ಹೂಂ ಅನ್ನುವುದಕ್ಕೂ ಪರವಾಗಿಲ್ಲ! ಅವಳು ಹೂಂ ಅಂದಿದ್ದಳು. ಆದರೆ ಕೇಳಿದವನು ಅವಳದೇ ಶಿಷ್ಯ. ‘ಪರವಾ ಇದೆ ಅಂತ ಅರ್ಥ ಸರ್, ತುಂಬಾ ಇದೆ ಅಂತ.’ ಅವನ ಹಾಜರಿ ಪುಸ್ತಕದ ಹಿಂದೆ ಅದೇ ಬರೆದಿತ್ತು.

ಅವನ ಮುಖದ ರಕ್ತ ಇಳಿದುಹೋಯಿತು. ತಲೆ ತಗ್ಗಿಸಿದ್ದ ಅವಳಿಗೆ ಅದು ಕಾಣಲಿಲ್ಲ.

“ಸರಿ ಮೇಡಂ. ಅರ್ಥ ಆಯ್ತು,” ಅಂದು ಎರಡು ಹೆಜ್ಜೆ ಹಿಂದೆ ಸರಿದ.

ಭಾನುವಾರ ಅವಳು ಹಜಾರವನ್ನು ಎರಡು ಸಲ ಗುಡಿಸಿದಳು. ಹಸಿರು ಸೀರೆ ಉಟ್ಟಳು. ಗಾಡಿ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದಳು. “ಏನೇ, ಯಾರಾದ್ರೂ ಬರೋರಿದಾರಾ?” ಅಂದಳು ಅಕ್ಕ. “ಇಲ್ಲ” ಅಂದಳು. ಸಂಜೆಯಾಗುವಷ್ಟರಲ್ಲಿ ಅದೇ ನಿಜವಾಯಿತು.

ಮಂಗಳವಾರ ಅವನು ದೂರದಿಂದಲೇ “ನಮಸ್ಕಾರ ಮೇಡಂ” ಅಂದು ಗ್ರೌಂಡಿಗೆ ಹೋದ. ಚಹಾ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

‘ಅವನಮ್ಮ ಬೇಡ ಅಂದಿರಬೇಕು. ಅಥವಾ ಅವನಿಗೇ...’ ಮುಂದಕ್ಕೆ ಯೋಚಿಸಲಾರದೆ ಫೈಲು ತೆರೆದಳು. ಅಕ್ಷರಗಳೆಲ್ಲ ಮಂಜಾದವು. ಕೇಳಬಹುದಿತ್ತಲ್ಲ? ಕೇಳಲಿಲ್ಲ. ಮರ್ಯಾದೆ ಅಡ್ಡ ಬಂತು, ಭಯವೂ ಬಂತು.

ಗಾಯ ಹಸಿಯಾಗಿರುವಾಗಲೇ ಭಾವ ಒಂದು ಸಂಬಂಧ ತಂದರು. ಅವರ ಗೆಳೆಯನ ತಮ್ಮ. ಹಲ್ಲಿನ ಡಾಕ್ಟರು, ಒಳ್ಳೆಯವನು. ರೈಲಿನಲ್ಲಿ ಹದಿನಾಲ್ಕು ಗಂಟೆ ದೂರದ ಊರು.

“ಅಷ್ಟು ದೂರ ಅಂದ್ರೆ ನಿನ್ನ ಕೆಲಸ ಬಿಡಬೇಕಾಗುತ್ತಮ್ಮ,” ಭಾವ ಎದುರು ಕೂತು ಕೇಳಿದರು. “ನಿನಗೆ ಒಪ್ಪಿಗೆನಾ? ಯೋಚನೆ ಮಾಡಿ ಹೇಳು.”

ಅಮ್ಮ ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು.

“ಪರವಾಗಿಲ್ಲ ಭಾವ.”

ಭಾವನ ಮುಖ ಅರಳಿತು. ಅವರು ಆಗಲೇ ಫೋನು ಕೈಗೆತ್ತಿಕೊಂಡರು. ಬರುವ ಭಾನುವಾರ ಗಂಡಿನ ಕಡೆಯವರು ಬಂದು ದಿನ ಗೊತ್ತು ಮಾಡುವುದೆಂದು ತೀರ್ಮಾನವಾಯಿತು.

ಅವತ್ತು ಅವಳಿಗೆ ಅಳುವೂ ಬರಲಿಲ್ಲ. ನಾಲ್ಕು ಗೋಡೆಯೂ ಒಂದೊಂದು ಹೆಜ್ಜೆ ಒಳಗೆ ಬಂದಂತಾಯಿತು, ಅಷ್ಟೇ.

*

ಶುಕ್ರವಾರ.

ಅವಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ಮುಂದೆ ಬರುವವರಿಗಾಗಿ ಒಂದೊಂದು ಮಗುವಿನ ಟಿಪ್ಪಣಿ ಬರೆಯುತ್ತಿದ್ದಳು. ಮೂವತ್ತೊಂದು ಮಕ್ಕಳು. ‘ಇವನ ಅಪ್ಪನಿಗೆ ಬೆಳಗ್ಗೆ ಫೋನ್ ಮಾಡಬೇಡಿ.’ ‘ಇವಳಿಗೆ ಬೆನ್ನ ಮೇಲೆ ಕೈ ಇಟ್ಟರೆ ಹೆದರಿಕೆ.’ ಇದನ್ನೆಲ್ಲ ಕಾಗದದಲ್ಲಿ ದಾಟಿಸಲು ಆಗುತ್ತಾ?

ಪುಟ್ಟಿ ಬಾಗಿಲಲ್ಲಿ ಬಂದು ನಿಂತಳು. ಈಗ ಈ ಕೋಣೆಯಲ್ಲಿ ಅವಳು ಮಾತಾಡುತ್ತಿದ್ದಳು, ಪಿಸುಮಾತಿಗಿಂತ ತುಸು ಜೋರಾಗಿ.

“ನೀವು ಹೋಗ್ತೀರಂತೆ. ಆಯಾ ಹೇಳಿದ್ರು.”

“ಹೂಂ ಪುಟ್ಟಿ. ಬೇರೆ ಮೇಡಂ ಬರ್ತಾರೆ. ತುಂಬಾ ಒಳ್ಳೆಯವರು.”

“ನಿಮಗೆ ಹೋಗೋಕೆ ಇಷ್ಟನಾ?”

“ಪರವಾ...”

ಪುಟ್ಟಿ ಗೋಡೆಯ ಬೋರ್ಡನ್ನು ನೋಡಿದಳು. ಆಮೇಲೆ ಮೇಡಂ ಮುಖವನ್ನು. ಏನೂ ಹೇಳದೆ ಎರಡೂ ಕಾರ್ಡನ್ನು ಅವಳ ಮುಂದೆ ತಳ್ಳಿ, ಸ್ಟಾಪ್‌ವಾಚ್ ಹಿಡಿದು ಗ್ರೌಂಡಿಗೆ ಹೊರಟುಹೋದಳು.

ಅವಳ ಹಿಂದೆಯೇ ಬಾಗಿಲು ಗಾಳಿಗೆ ಧಡ್ ಎಂದು ಮುಚ್ಚಿಕೊಂಡಿತು. ಕ್ರೀಡಾಕೂಟದ ತಾಲೀಮಿಗೆಂದು ಗುಂಡನ್ನು ಬೆಳಗ್ಗೆಯೇ ಒಯ್ದಿದ್ದರು!

ಅವಳು ಆಫೀಸಿಗೆ ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಎಲ್ಲರೂ ಗ್ರೌಂಡಿನಲ್ಲಿದ್ದರು.

ಹಾಳಾಗಿ ಹೋಗಲಿ ಎಂದು ಕೂತು ಮುಂದಿನ ಫೈಲು ತೆರೆದಳು. ಪುಟ್ಟಿಯದು. ಮೊದಲ ವಾರದ ಚೀಟಿಯೊಂದು ಜಾರಿ ಬಿತ್ತು. ಪೀಪಿ ಸರ್‌ನ ಗುಂಡನೆಯ ಅಕ್ಷರ.

‘ಓಡ್ತೀಯಾ ಅಂತ ಕೇಳಿದೆ. ಪರವಾಗಿಲ್ಲ ಅಂದಳು. ಅಂದರೆ ಬೇಡ, ನೋವಾಗುತ್ತೆ ಅಂತ ಅರ್ಥ. ನನಗೆ ಅವಳು ಓಡಬೇಕು ಅಂತ ತುಂಬಾ ಆಸೆ. ಆದರೂ ಮತ್ತೆ ಕೇಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದೆ.’

ಅವಳು ಒಂದು ಸಲ ಓದಿದಳು. ಮತ್ತೊಂದು ಸಲ ಓದಿದಳು.

ಗೇಟು... ಸೀಟಿಯ ದಾರ... ‘ಅರ್ಥ ಆಯ್ತು’... ಎರಡು ಹೆಜ್ಜೆ!

“ಅಯ್ಯೋ ದೇವರೇ... ನಾನೇ ಕಲಿಸಿದ್ದು!”

ಅವನು ಬಿಟ್ಟುಹೋಗಿರಲಿಲ್ಲ. ಅವಳು ಹೇಳಿಕೊಟ್ಟ ಪಾಠವನ್ನು ಅವಳ ಮೇಲೇ ನಡೆಸಿದ್ದ. ಇನ್ನು ಮನೆಯಲ್ಲಿ? ಅಲ್ಲಿ ಅದೇ ಮಾತಿಗೆ ಎಲ್ಲರೂ ಹೂಂ ಅಂತ ತಿಳಿದರು. ಬೇಕು ಅಂದದ್ದು ಬೇಡವಾಯಿತು, ಬೇಡ ಅಂದದ್ದು ಬೇಕಾಯಿತು. ಈ ಬಾಗಿಲನ್ನು ಯಾರೂ ಮುಚ್ಚಲಿಲ್ಲ, ನಾನೇ ಮುಚ್ಚಿಕೊಂಡು ಕೂತಿದ್ದೇನೆ!

ಅವಳು ಫೋನು ತೆಗೆದಳು. ಕೆಂಪು ಕಾರ್ಡನ್ನು ಮುಂದೆ ಇಟ್ಟುಕೊಂಡು, ಮಗುವಿನ ಹಾಗೆ ಅದನ್ನೇ ನೋಡಿ ಓದಿದಳು.

“ಭಾವ... ನನಗೆ ಈ ಸಂಬಂಧ ಬೇಡ.”

ಅತ್ತ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

“ನಾನು ನಿನ್ನ ಕೇಳಿದೆನಲ್ಲಮ್ಮ,” ಭಾವ ಅಂದರು. ದನಿ ಗಡುಸಾಗಿತ್ತು. “ಎದುರಿಗೆ ಕೂತು ಕೇಳಿದೆ. ನೀನು ಪರವಾಗಿಲ್ಲ ಅಂದೆ.”

“ಹೌದು ಭಾವ. ತಪ್ಪು ನಂದೇ. ನಿಮಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅಪ್ಪನ ಪಕ್ಕ ಕೂತವರು ನೀವು...”

“ಅದಕ್ಕೂ ಇದಕ್ಕೂ ಏನು ಸಂಬಂಧ? ನಿನ್ನ ಬಾಯಿ ಕಟ್ಟೋಕೆ ಕೂತಿದ್ನಾ ನಾನಲ್ಲಿ?” ಭಾವನಿಗೆ ನಿಜವಾಗಿ ನೋವಾಗಿತ್ತು. “ನನ್ನ ಗೆಳೆಯನಿಗೆ ಏನಂತ ಮುಖ ತೋರಿಸ್ಲಿ? ನಾಳೆ ಹೊರಡೋಕೆ ಟಿಕೆಟ್ ತಗೊಂಡಿದಾರೆ ಅವರು!”

ಅವಳ ನಾಲಿಗೆಯ ತುದಿಗೆ ಮತ್ತೆ ಆ ಹಳೇ ಮಾತು ಬಂತು. ಪರವಾಗಿಲ್ಲ ಬಿಡಿ ಭಾವ, ಬರಲಿ... ಹಲ್ಲು ಕಚ್ಚಿದಳು.

“ಬೈಯಿರಿ ಭಾವ. ಆದ್ರೆ ನನಗೆ ಬೇಡ.”

ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. “ಭಾನುವಾರ ಆದ್ಮೇಲೆ ಹೇಳೋದಕ್ಕಿಂತ ಇವತ್ತು ಹೇಳಿದ್ದು ವಾಸಿ. ಸಿಟ್ಟು ಬಂದಿದೆ ನನಗೆ, ಇಲ್ಲ ಅನ್ನಲ್ಲ. ಮನೆಗೆ ಬಾ, ಮಾತಾಡೋಣ.”

ಫೋನು ಇಟ್ಟಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಕಷ್ಟ ತೀರಿರಲಿಲ್ಲ. ಆದರೂ ಎಷ್ಟೋ ತಿಂಗಳ ಮೇಲೆ ಎದೆ ತುಂಬ ಗಾಳಿ ಒಳಗೆ ಹೋಯಿತು.

ಅಷ್ಟರಲ್ಲಿ ಗವಾಕ್ಷಿಯ ಆಚೆ ಪುಟ್ಟ ಹೆಜ್ಜೆಯ ಸದ್ದು.

“ಮೇಡಂ, ಬಾಗಿಲು ಯಾಕೆ ಮುಚ್ಕೊಂಡಿದೀರಾ?”

“ಗಾಳಿಗೆ ಮುಚ್ಕೊಂಡಿತು ಪುಟ್ಟಿ! ಸ್ವಲ್ಪ ಹೊರಗಿಂದ ತೆಗಿ.”

ತಟಪಟ ಸದ್ದಾಯಿತು. “ಬಿಗಿಯಾಗಿದೆ, ನನಗೆ ಆಗ್ತಿಲ್ಲ... ಯಾರನ್ನಾದ್ರೂ ಕರೀಲಾ?” ಕರೆಯುವುದೆಂದರೆ ಏನೆಂದು ಹುಡುಗಿಗೆ ಥಟ್ಟನೆ ಹೊಳೆದಿರಬೇಕು. ದನಿ ಸಣ್ಣದಾಯಿತು. “ಗ್ರೌಂಡಲ್ಲಿ ಎಲ್ಲಾರೂ ಇದಾರೆ...”

“ಬೇಡ ಅನಿಸಿದ್ರೆ ಬೇಡ ಪುಟ್ಟಿ. ಆಯಾ ಬರೋವರೆಗೂ ಕಾಯ್ತೀನಿ.”

ಪುಟ್ಟ ಹೆಜ್ಜೆ ಸರಿದ ಸದ್ದಾಯಿತು. ಹೋದಳೇನೋ ಎಂದುಕೊಂಡಳು ಅವಳು. ಅಷ್ಟರಲ್ಲಿ ಇಡೀ ಗ್ರೌಂಡಿಗೆ ಕೇಳುವಂತೆ, ಒಡಕು ದನಿಯಲ್ಲಿ, ತೊದಲುತ್ತಲೇ...

“ಪೀ... ಪೀಪಿ ಸರ್! ಪೀಪಿ ಸರ್!”

ಗ್ರೌಂಡಿನ ಗದ್ದಲವೆಲ್ಲ ನಿಂತುಹೋಯಿತು. ಯಾರೂ ನಗಲಿಲ್ಲ. ಮ್ಯೂಟ್ ಎಂದು ಕರೆಯುತ್ತಿದ್ದವರೂ ಬಾಯಿ ತೆರೆದುಕೊಂಡು ನಿಂತಿದ್ದರು. ಪೀಪಿ ಸರ್ ಕೈಯಲ್ಲಿದ್ದ ಗುಂಡನ್ನು ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

“ಕೂಗಿದ್ದು ನೀನಾ?” ಅವನು ಏದುಸಿರು ಬಿಡುತ್ತಾ ಕೇಳಿದ. “ಎಷ್ಟು ಚೆನ್ನಾಗಿ ಕೂಗಿದೆ! ಹೋಗು, ಅಲ್ಲಿ ಓಟ ಶುರುವಾಗ್ತಿದೆ, ಟೈಮ್ ಬರ್ಕೋ. ಮೇಡಂನ್ನ ನಾನು ನೋಡ್ಕೋತೀನಿ.”

ಪುಟ್ಟಿ ಓಡಿದಳು. ಅವನು ಹೊರಗಿನ ಹಿಡಿಕೆಗೆ ಕೈ ಹಾಕಿದ.

“ತೆಗೀಬೇಡಿ!” ಒಳಗಿನಿಂದ ಬಂತು ಗದರಿಕೆ.

“ಮೇಡಂ?”

“ನಿಮ್ಮ ಮುಖ ನೋಡಿದ್ರೆ ಹೇಳೋಕಾಗಲ್ಲ. ಮೊದಲು ಕೇಳಿಸ್ಕೊಳ್ಳಿ. ಅವತ್ತು ಗೇಟಲ್ಲಿ ನಾನು ಪರವಾಗಿಲ್ಲ ಅಂದೆನಲ್ಲ...”

“ಅರ್ಥ ಆಯ್ತು ಮೇಡಂ ಅವತ್ತೇ. ಅದಕ್ಕೇ ದೂರ...”

“ಏನೂ ಅರ್ಥ ಆಗಿಲ್ಲ ನಿಮಗೆ! ಭಾನುವಾರ ಹಸಿರು ಸೀರೆ ಉಟ್ಕೊಂಡು ಸಂಜೆವರೆಗೂ ಕಾದಿದೀನಿ ನಾನು!”

ಅವನ ಕೈ ಹಿಡಿಕೆಯಿಂದ ಜಾರಿತು.

ಬಾಗಿಲ ಸಂದಿಯಿಂದ ಏನೋ ಜಾರಿ ಬಂದು ಅವನ ಶೂಗೆ ತಾಗಿತು. ಅವನು ಬಗ್ಗಿ ಎತ್ತಿಕೊಂಡ. ಹಸಿರು ಕಾರ್ಡು.

‘ಬೇಕು.’

ಅವನು ಬಾಗಿಲಿಗೆ ಹಣೆ ಒತ್ತಿ ನಿಂತ. “ಇದು... ನನಗಾ?”

“ಇನ್ಯಾರಿಗೆ? ಹಸಿರು ಕಾರ್ಡು ಇರೋದೇ ಒಂದು!” ಅವಳು ಅಳುತ್ತಲೇ ನಕ್ಕಳು. “ಮನೇಲಿ ಭಾವನಿಗೆ ಸಿಟ್ಟು ಬಂದಿದೆ. ಇವತ್ತೇ ಎಲ್ಲ ಸರಿ ಹೋಗಲ್ಲ. ಆದ್ರೂ ನನಗೆ ನೀವು ಬೇಕು. ಈ ಕೆಲಸ ಬೇಕು. ಈ ಮಕ್ಕಳು ಬೇಕು.”

ಬಾಗಿಲು ತೆರೆಯಿತು. ಬೆಳಕಿಗೆ ಅವಳ ಕಣ್ಣು ಕೋರೈಸಿತು. ಎದುರಿಗೆ ಅವನು, ಕೈಯಲ್ಲಿ ಹಸಿರು ರಟ್ಟು, ಮೂಗು ಕೆಂಪಗೆ.

“ನಾನೂ ಇನ್ನೊಂದು ಸಲ ಕೇಳಬೇಕಿತ್ತು,” ಅಂದ.

“ಕೇಳಬಾರದು ಅಂತ ಹೇಳಿಕೊಟ್ಟವಳು ನಾನೇ ಅಲ್ವಾ?” ಅವಳು ಕಣ್ಣೊರೆಸಿಕೊಂಡಳು. “ಈ ಮೂರು ವಾರ... ತುಂಬಾ ನೋವಾಯ್ತಾ ನಿಮಗೆ?”

“ಛೇ, ಪರವಾಗಿಲ್ಲ.”

ಅವಳು ಮಾತಾಡದೆ ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದಳು.

ಅವನು ಬೋರ್ಡು ಓದಿದ. ತಲೆ ತಗ್ಗಿಸಿದ.

“ಹೂಂ,” ಅಂದ ಮೆಲ್ಲಗೆ. “ನೋವಾಯ್ತು. ತುಂಬಾನೇ.”

“ನನಗೂ,” ಅಂದಳು ಅವಳು, ಮತ್ತು ಎರಡು ಹೆಜ್ಜೆ ಮುಂದೆ ಬಂದಳು.